ಗಿರಣಿ ಕೇರಿಗೊಂದು ಪಾರ್ಕು

ಈ ಊರಿಗೆ ವರ್ಗವಾಗಿ ಬಂದ ಮೊದಲ ದಿನವೇ ವಾರ್ಡ್ ಸದಸ್ಯ ಹಾಲಸ್ವಾಮಿಯವರು ನನ್ನನ್ನು ಜೀಪಿನಲ್ಲಿ ಕೂರಿಸಿಕೊಂಡು ಪಾರ್ಕುಗಳನ್ನು ತೋರಿಸಲು ಹೊರಟರು. ನಾನು ನಗರಸಭೆಯ ಹೊಸ ಯೋಜನಾಧಿಕಾರಿ. ಊರಿನಲ್ಲಿರುವ ಪಾರ್ಕುಗಳನ್ನೆಲ್ಲ ಒಂದಕ್ಕೊಂದು ಜೋಡಿಸಿ, ಕೆರೆಯಿಂದ ಗುಡ್ಡದ ತನಕ ಮಕ್ಕಳು ಮುದುಕರು ಗಾಡಿಗಳ ಕಾಟವಿಲ್ಲದೆ ನಡೆದುಹೋಗುವಂಥ ಒಂದು ದಾರಿ ಮಾಡಬೇಕೆಂಬುದು ನನಗೆ ವಹಿಸಿದ ಕೆಲಸ. ಮೊದಲು ಸಿಕ್ಕಿದ್ದು ಬೀಗರ ಪಾರ್ಕು. ಕಾರಂಜಿ, ಹುಲ್ಲುಹಾಸು, ಸಂಪಿಗೆ ಮರ, ಕಲ್ಲಿನ ಬೆಂಚು, ಯಾವುದಕ್ಕೂ ಕೊರತೆಯಿರಲಿಲ್ಲ. ಊರ ಮಧ್ಯೆ ಇಷ್ಟು ದೊಡ್ಡ ಜಾಗ ಹೇಗೆ ಸಿಕ್ಕಿತು ಎಂದು ಕೇಳಿದೆ.

"ಪಾಯಸ ಸಾಲಲಿಲ್ಲ ಮೇಡಂ," ಎಂದರು ಹಾಲಸ್ವಾಮಿಯವರು.

ಎದುರುಬದುರು ಮನೆಯವರು ಬೀಗರಾದರಂತೆ. ಮದುವೆಯ ದಿನ ಗಂಡಿನ ಕಡೆಯವರ ಕೊನೆಯ ಪಂಕ್ತಿಗೆ ಪಾಯಸ ಬರಲಿಲ್ಲ. ಎರಡೂ ಮನೆಯವರು ಮಾತು ಬಿಟ್ಟರು. ಮಾತು ಬಿಟ್ಟ ವಾರದಲ್ಲಿ ನಡುವಿನ ಓಣಿ ರಸ್ತೆಯಷ್ಟು ಅಗಲವಾಯಿತು. ಮಳೆಗಾಲದ ಹೊತ್ತಿಗೆ ಮೈದಾನವೇ ಆಗಿತ್ತು. ನಗರಸಭೆಯವರು ಬಂದು ಹುಲ್ಲು ಹಾಕಿದರು. ನಾನು ಕಣ್ಣು ಕಣ್ಣು ಬಿಟ್ಟೆ. ತಮಾಷೆ ಮಾಡುತ್ತಿದ್ದಾರೇನೋ ಎಂದು ಅವರ ಮುಖ ನೋಡಿದರೆ, ಅವರೇ ನನ್ನನ್ನು ವಿಚಿತ್ರವಾಗಿ ನೋಡುತ್ತಿದ್ದರು.

"ಹಂಗಾದ್ರೆ ನಿಮ್ಮೂರ ಕಡೆ ಪಾರ್ಕಿಗೆ ಜಾಗ ಎಲ್ಲಿಂದ ಬರುತ್ತೆ?"

"ಸರ್ಕಾರ ಕೊಡುತ್ತೆ."

"ಸರ್ಕಾರಕ್ಕೆ ಎಲ್ಲಿಂದ ಬರುತ್ತೆ ಮೇಡಂ?" ಎಂದು ಕೇಳಿ ಅವರು ಜೀಪು ಹತ್ತಿದರು. 

ಆಮೇಲೆ ಒಂದೊಂದನ್ನೇ ನೋಡುತ್ತ ಹೋದೆ. ಆಸ್ತಿ ಪಾಲಿನಲ್ಲಿ ಮುನಿಸಿಕೊಂಡ ಅಣ್ಣತಮ್ಮಂದಿರ ಮನೆಗಳ ನಡುವೆ ಉದ್ದಕ್ಕೆ ಹೋದ ಸೋದರರ ಹಾದಿ, ಬೆಳಿಗ್ಗೆ ಓಡುವವರಿಗೆ ಹೇಳಿ ಮಾಡಿಸಿದ್ದು. ವಕೀಲರ ಬಡಾವಣೆಯಲ್ಲಂತೂ ಪ್ರತಿ ಮನೆಯ ಸುತ್ತಲೂ ಹಸಿರೋ ಹಸಿರು. ಅಲ್ಲಿ ಯಾರಿಗೆ ಯಾರೂ ಬೇಕಾಗಿಲ್ಲ. ಯಾರಾದರೂ ರಾಜಿಯಾಗಿಬಿಟ್ಟರೆ ಎಂಬ ಭಯ ಮಾತ್ರ ಊರಿಗೆ ಸದಾ ಇತ್ತು. ಅದಕ್ಕಾಗಿ ವಾಯುವಿಹಾರಿಗಳ ಸಂಘದವರು ಪ್ರತಿ ಯುಗಾದಿಗೆ ಮಾತು ಬಿಟ್ಟ ಮನೆಗಳಿಗೆಲ್ಲ ಹೋಗಿ, ಎರಡೂ ಕಡೆಗೆ ಒಂದೊಂದು ಡಬ್ಬಿ ಲಾಡು ಕೊಟ್ಟು, ಈ ವರ್ಷವೂ ಹೀಗೇ ಸಹಕರಿಸಬೇಕು ಎಂದು ಕೈಮುಗಿದು ಬರುತ್ತಿದ್ದರು. ಇದನ್ನು ಮೊದಲ ಸಲ ಕಣ್ಣಾರೆ ಕಂಡಾಗ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಾಲ್ಕು ದಿನ ಕಳೆದ ಮೇಲೆ ನಾನೂ ನಕ್ಷೆ ಹರಡಿಕೊಂಡು, ಯಾವ ಮನೆಗೆ ಯಾವ ಮನೆ ಆಗುವುದಿಲ್ಲ ಎಂದು ಪೆನ್ಸಿಲಿನಲ್ಲಿ ಗುರುತು ಹಾಕುವುದಕ್ಕೆ ಕಲಿತುಕೊಂಡೆ. ಎಂಥದ್ದಕ್ಕೂ ಮನುಷ್ಯ ಒಗ್ಗಿಹೋಗುತ್ತಾನೆ.

ದಾರಿ ಚೆನ್ನಾಗಿಯೇ ಕೂಡಿಕೊಂಡು ಬಂತು. ಕೆರೆ ಏರಿಯಿಂದ ಹೊರಟು, ಬೀಗರ ಪಾರ್ಕು ದಾಟಿ, ಸೋದರರ ಹಾದಿ ಹಿಡಿದು ಗಿರಣಿ ಕೇರಿಯ ತನಕ ಬಂದು ನಿಂತುಹೋಯಿತು. ಗಿರಣಿ ಕೇರಿಯಿಂದಾಚೆ ಮತ್ತೆ ವಕೀಲರ ಬಡಾವಣೆ, ಅಲ್ಲಿಂದ ಗುಡ್ಡ. ನಡುವಿನ ಈ ಕೇರಿಯಲ್ಲಿ ಮಾತ್ರ ಅಂಗೈಯಗಲ ಬಯಲಿಲ್ಲ. ಹಾಗಂತ ಅಲ್ಲಿ ಜಗಳಕ್ಕೇನೂ ಬರವಿರಲಿಲ್ಲ. ಬೆಳಗಾದರೆ ನಲ್ಲಿಯ ಹತ್ತಿರ ಕೊಡಗಳು ಹಾರುತ್ತಿದ್ದವು, ಏಳು ತಲೆಮಾರಿನವರೆಲ್ಲ ಬೈಗುಳದಲ್ಲಿ ಬಂದುಹೋಗುತ್ತಿದ್ದರು. ಆದರೆ ಮಧ್ಯಾಹ್ನಕ್ಕೆ ಒಬ್ಬರಿಗೆ ಕಾಫಿಪುಡಿ ಬೇಕು, ಸಂಜೆಗೆ ಇನ್ನೊಬ್ಬರ ಮಗುವನ್ನು ನೋಡಿಕೊಳ್ಳುವವರು ಬೇಕು. ಬೆಳಿಗ್ಗೆ ಗೇಣು ಅಗಲವಾದ ಓಣಿ ದೀಪ ಹಚ್ಚುವ ಹೊತ್ತಿಗೆ ಮತ್ತೆ ಕೂಡಿಕೊಳ್ಳುತ್ತಿತ್ತು. ಮಾತು ಬಿಟ್ಟು ಬದುಕುವಷ್ಟು ಅನುಕೂಲ ಅವರಲ್ಲಿ ಯಾರಿಗೂ ಇರಲಿಲ್ಲ. ನನಗಿಂತ ಹಿಂದಿದ್ದ ಅಧಿಕಾರಿ ಅಲ್ಲಿ ಒಂದು ಹಳೆಯ ಗೋದಾಮು ಕೆಡವಿ ಪಾರ್ಕು ಮಾಡಲು ಹೋಗಿದ್ದರಂತೆ. ಎರಡೂ ಪಕ್ಕದ ಮನೆಗಳು ತಿಂಗಳೊಳಗೆ ಒಂದನ್ನೊಂದು ಸೇರಿಕೊಂಡು, ಜಾರುಬಂಡೆ ಯಾರದೋ ಅಡುಗೆಮನೆಯೊಳಗೆ ಸಿಕ್ಕಿಬಿದ್ದಿತ್ತು.

ಹಾಗಾಗಿ ಆ ಕೇರಿಯ ಮಕ್ಕಳು ಆಡುತ್ತಿದ್ದುದು ಲಾರಿ ರಸ್ತೆಯಲ್ಲಿ. ಅಂಬಿಕಾ ಎನ್ನುವ ಹುಡುಗಿ ಹಗ್ಗದಾಟ ಆಡುತ್ತಿದ್ದಾಗ ಹತ್ತಿ ತುಂಬಿದ ಲಾರಿಯೊಂದು ಹಿಂದಕ್ಕೆ ಬಂತು. ಜೀವ ಉಳಿಯಿತು, ಮಂಡಿಯ ಕೆಳಗೆ ಒಂದು ಕಾಲು ಉಳಿಯಲಿಲ್ಲ. ಆಸ್ಪತ್ರೆಗೆ ಹೊತ್ತುಕೊಂಡು ಓಡಿದ್ದು ಕೋಡುಬಳೆ ಚಕ್ಕುಲಿ ಮಾಡಿ ಮಾರುವ ದ್ರಾಕ್ಷಾಯಿಣಮ್ಮ. ಹುಡುಗಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತವರು ಅವರ ಪಕ್ಕದ ಮನೆಯ ಲಿಲ್ಲಿ ಟೀಚರ್. ಅಂಬಿಕಾ ಅವರ ಮನೆಗೇ ಪಾಠಕ್ಕೆ ಬರುತ್ತಿದ್ದವಳು.

ಈ ಇಬ್ಬರ ವಿಷಯ ಹೇಳಲೇಬೇಕು. ಇಬ್ಬರೂ ಒಂಟಿ ಹೆಂಗಸರು, ಇಬ್ಬರ ತಲೆಯೂ ನೆರೆತಿತ್ತು. ನಡುವಿನ ಒಂದೇ ಗೋಡೆಯಲ್ಲಿ ಒಂದು ಕಿಟಕಿ ಕೊರೆಸಿ, ಈಚೆಯಿಂದ ಸಾರು ಆಚೆಗೆ, ಆಚೆಯಿಂದ ಅನ್ನ ಈಚೆಗೆ ದಾಟಿಸುತ್ತ ಕಾಲ ಕಳೆದವರು. ಲಿಲ್ಲಿ ಟೀಚರ್ ಮಗಳು ಶೈನಿ ಚಿಕ್ಕವಳಿದ್ದಾಗಲೇ ಜ್ವರ ಬಂದು ತೀರಿಕೊಂಡಿದ್ದಳು. ಆಮೇಲೆ ಅವರನ್ನು ಮನುಷ್ಯಳಾಗಿ ಉಳಿಸಿದ್ದು ದ್ರಾಕ್ಷಾಯಿಣಮ್ಮ. ದ್ರಾಕ್ಷಾಯಿಣಮ್ಮನಿಗೆ ಓದು ಬರೆಹ ಕಲಿಸಿದ್ದು ಲಿಲ್ಲಿ ಟೀಚರ್. ಅಂಗಡಿಯ ಮುಂದಿನ ಹಲಗೆಯ ಮೇಲೆ ತಾವೇ ಬರೆದ 'ಕೋಡುಬಳೆ' ಎಂಬ ಅಕ್ಷರಗಳನ್ನು ದ್ರಾಕ್ಷಾಯಿಣಮ್ಮ ಬಂದವರಿಗೆಲ್ಲ ತೋರಿಸುತ್ತಿದ್ದರು.

ಅಂಬಿಕಾ ಆಸ್ಪತ್ರೆಯಿಂದ ಬಂದ ಮೇಲೆ ನಲ್ಲಿಯ ಕಟ್ಟೆಯ ಹತ್ತಿರ ಕೇರಿಯ ಸಭೆ ಸೇರಿತು. ಹಾಲಸ್ವಾಮಿಯವರು ನೇರವಾಗಿಯೇ ಹೇಳಿದರು. "ಮಕ್ಕಳಿಗೆ ಜಾಗ ಬೇಕು ಅಂದ್ರೆ ಯಾರಾದ್ರೂ ಇಬ್ರು ಮಾತು ಬಿಡ್ಬೇಕು ನೋಡ್ರಪ್ಪ. ಬೇರೆ ದಾರಿ ಇಲ್ಲ."

ನಾವು ಬಿಡ್ತೀವಿ ಎಂದು ಕ್ಷೌರದ ಅಂಗಡಿಯವನೂ ಟೈಲರನೂ ಎದ್ದರು. ಕೊರಳಪಟ್ಟಿ ಹಿಡಿದುಕೊಂಡು ಬಾಯಿಗೆ ಬಂದಂತೆ ಬೈದಾಡಿದರು. ನೆಲ ಕೂದಲೆಳೆಯಷ್ಟೂ ಅಲುಗಲಿಲ್ಲ. ಕ್ಷೌರದವನು ಬೈಯುತ್ತ ಬೈಯುತ್ತಲೇ ಟೈಲರನ ಕಿತ್ತುಬಿದ್ದ ಗುಂಡಿಯನ್ನು ನೆಲದಿಂದ ಹುಡುಕಿ ಕೊಟ್ಟ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನೆಲದ ಮುಂದೆ ನಾಟಕ ನಡೆಯುವುದಿಲ್ಲ ಎಂದು ಅಲ್ಲಿ ಎಲ್ಲರಿಗೂ ಗೊತ್ತಿತ್ತು, ಆದರೂ ಒಂದು ಕೈ ನೋಡಿದ್ದರು. ಆಗ ಯಾರೋ ಹಿಂದಿನಿಂದ, ತೀರಾ ಹಚ್ಚಿಕೊಂಡವರು ದೂರವಾದರೆ ಮಾತ್ರ ದೊಡ್ಡ ಜಾಗ ಆಗುತ್ತೆ ಎಂದರು. ನಗು ನಿಂತಿತು. ಒಬ್ಬೊಬ್ಬರೇ ತಿರುಗಿ ದ್ರಾಕ್ಷಾಯಿಣಮ್ಮ ಮತ್ತು ಲಿಲ್ಲಿ ಟೀಚರ್ ಕಡೆ ನೋಡತೊಡಗಿದರು. ಇಬ್ಬರೂ ಒಂದೇ ಮಣೆಯ ಮೇಲೆ ಕೂತಿದ್ದರು.

"ನಮ್ಮಿಬ್ಬರಿಗೆ ಜಗಳ ಆಡೋಕೆ ವಿಷಯನೇ ಇಲ್ಲವಲ್ರೋ," ಎಂದು ಲಿಲ್ಲಿ ಟೀಚರ್ ನಕ್ಕರು.

ನನಗೆ ಮೈಯೆಲ್ಲ ಉರಿದುಹೋಯಿತು. ಎದ್ದು ನಿಂತು, ನಾಚಿಕೆಯಾಗಬೇಕು ನಿಮಗೆ ಎಂದು ಕೂಗಿದೆ. ಹೆಂಗಸರಿಬ್ಬರ ಬಾಳು ಹರಿದು ಮಾಡುವ ಪಾರ್ಕು ನನಗೆ ಬೇಡ, ಲಾರಿ ರಸ್ತೆಯ ಮೇಲೊಂದು ಕಾಲ್ಸೇತುವೆ ಹಾಕಿಸುತ್ತೇನೆ ಎಂದೆ. ಹಾಲಸ್ವಾಮಿಯವರು ಮೀಸೆಯಡಿಯಲ್ಲೇ ನಕ್ಕು, "ಆ ಸೇತುವೆ ಮಂಜೂರಾಗೋ ಹೊತ್ತಿಗೆ ಅಂಬಿಕಾ ಮೊಮ್ಮಕ್ಕಳನ್ನ ಕಂಡಿರ್ತಾಳೆ ಮೇಡಂ," ಎಂದರು.  ದ್ರಾಕ್ಷಾಯಿಣಮ್ಮ ತಮ್ಮ ಮನೆಯ ಜಗಲಿಯಲ್ಲಿ ಊರುಗೋಲು ಪಕ್ಕಕ್ಕಿಟ್ಟು ಕೂತಿದ್ದ ಅಂಬಿಕಾಳನ್ನೇ ನೋಡುತ್ತಿದ್ದರು.

ಮರುದಿನ ಬೆಳಿಗ್ಗೆ ಸೇತುವೆಯ ಕಂಬಕ್ಕೆ ಜಾಗ ನೋಡೋಣವೆಂದು ನಾನು ಕೇರಿಗೆ ಹೋದೆ. ನಲ್ಲಿಯ ಹತ್ತಿರ ಹೆಂಗಸರ ಸಾಲು ನಿಂತಿತ್ತು. ಲಿಲ್ಲಿ ಟೀಚರ್ ಬಂದು, ರೂಢಿಯಂತೆ ದ್ರಾಕ್ಷಾಯಿಣಮ್ಮನ ಕೊಡದ ಹಿಂದೆ ತಮ್ಮ ಕೊಡ ಇಟ್ಟರು. ದ್ರಾಕ್ಷಾಯಿಣಮ್ಮ ಆ ಕೊಡವನ್ನು ಕಾಲಿಂದ ದೂಡಿದರು. ಅದು ಉರುಳಿಕೊಂಡು ಹೋಗಿ ಚರಂಡಿಯ ಅಂಚಿಗೆ ನಿಂತಿತು.

"ಏನೇ ಇದು?" ಎಂದರು ಲಿಲ್ಲಿ ಟೀಚರ್, ನಗುತ್ತಲೇ.

"ಶೈನಿ ಮೈ ಸುಡ್ತಾ ಇದೆ, ಈಗಲೇ ಆಸ್ಪತ್ರೆಗೆ ಕರ್ಕೊಂಡು ಹೋಗು ಅಂತ ಬಡ್ಕೊಂಡೆ ನಾನು," ಎಂದರು ದ್ರಾಕ್ಷಾಯಿಣಮ್ಮ. ದನಿ ಏರಿಸಲಿಲ್ಲ. "ನಿಂಗೆ ಪರೀಕ್ಷೆ ಪೇಪರು ತಿದ್ದೋದಿತ್ತು. ಬೆಳಿಗ್ಗೆ ನೋಡೋಣ ಅಂದೆ. ನನ್ನಿಂದಲೇ ಹೋಯ್ತಾ ಮಗು, ನನ್ನಿಂದಲೇ ಹೋಯ್ತಾ ಅಂತ ಇಷ್ಟು ವರ್ಷ ಕೇಳ್ತಾನೇ ಬಂದ್ಯಲ್ಲ. ಹೌದು ಲಿಲ್ಲಿ. ನಿನ್ನಿಂದಲೇ ಹೋಯ್ತು. ನೀನೇ ಕೊಂದೆ ಅದನ್ನ. ನಿನ್ನ ಮೋರೆ ನೋಡಿ ಇಷ್ಟು ದಿನ ಸುಳ್ಳು ಹೇಳ್ದೆ, ಇನ್ನು ನನ್ನ ಕೈಲಾಗಲ್ಲ."

ನಲ್ಲಿಯ ನೀರು ತುಂಬಿದ ಕೊಡದ ಮೇಲಿಂದ ಹರಿದುಹೋಗುತ್ತಿತ್ತು, ಯಾರೂ ನಿಲ್ಲಿಸಲಿಲ್ಲ.  ಲಿಲ್ಲಿ ಟೀಚರ್ ಕೊಡವನ್ನು ಅಲ್ಲೇ ಬಿಟ್ಟು ಮನೆಯ ಕಡೆ ತಿರುಗಿದರು. ಅಷ್ಟರಲ್ಲಿ ಕಾಲಡಿಯಲ್ಲಿ ಗಾಣ ತಿರುಗಿದಂಥ ಸದ್ದು. ಇಬ್ಬರ ಮನೆಯ ನಡುಗೋಡೆ ಮೇಲಿಂದ ಕೆಳಕ್ಕೆ ಸೀಳಿತು. ಸಾರು ದಾಟಿಸುವ ಕಿಟಕಿಯ ಚೌಕಟ್ಟು ಎರಡಾಗಿ, ಅರ್ಧ ಆಚೆಗೆ, ಅರ್ಧ ಈಚೆಗೆ ಹೋಯಿತು. ಹೆಂಗಸರು ಮಕ್ಕಳನ್ನು ಎಳೆದುಕೊಂಡು ಓಡಿದರು. ಇಷ್ಟು ಬೇಗ ನೆಲ ಹಿಗ್ಗಿದ್ದನ್ನು ಆ ಊರಿನಲ್ಲೂ ಯಾರೂ ಕಂಡಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನಡುವೆ ಎತ್ತಿನಗಾಡಿ ತಿರುಗಿಸುವಷ್ಟು ಬಯಲು, ಸಂಜೆಗೆ ಅಲ್ಲಿ ಮಕ್ಕಳು ಕುಂಟಾಬಿಲ್ಲೆಗೆ ಗೆರೆ ಎಳೆಯುತ್ತಿದ್ದರು.

ನಾನು ದ್ರಾಕ್ಷಾಯಿಣಮ್ಮನ ಮನೆಗೆ ನುಗ್ಗಿದೆ. ಛೀಮಾರಿ ಹಾಕಬೇಕೆಂದೇ ಹೋದವಳು. ಅವರು ಒಲೆ ಹಚ್ಚದೆ ಅದರ ಮುಂದೆ ಕೂತಿದ್ದರು.

"ಜಾಗ ಎಷ್ಟಾಯ್ತು ಮೇಡಂ?" ಎಂದರು.

 ಬೆಳಗಿನ ಮಾತಿಗಿಂತ ಈ ಪ್ರಶ್ನೆ ನನ್ನನ್ನು ಹೆಚ್ಚು ಅಲ್ಲಾಡಿಸಿತು. "ಹಾಗಾದರೆ ಅದು ನಿಜವಲ್ಲವಾ?" ಎಂದೆ.

"ಮೆದುಳು ಜ್ವರ ಮೇಡಂ. ಯಾವಾಗ ಕರ್ಕೊಂಡು ಬಂದಿದ್ರೂ ಉಳೀತಿರ್ಲಿಲ್ಲ ಅಂತ ಡಾಕ್ಟ್ರೇ ನನ್ನ ಹತ್ರ ಹೇಳಿದ್ರು."

"ಮತ್ತೆ ಅಂಥ ಮಾತು ಯಾಕಮ್ಮ ಆಡಿದ್ರಿ? ಬೇರೆ ಏನೂ ಸಿಗಲಿಲ್ಲವಾ ನಿಮಗೆ?"

"ಬೇರೆ ಏನಂದಿದ್ರೂ ಅವಳು ನಗ್ತಿದ್ಲು," ಎಂದು ದ್ರಾಕ್ಷಾಯಿಣಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಹೊರಡುವಾಗ ನನ್ನ ಕೈ ಹಿಡಿದು, ಲಿಲ್ಲಿಗೆ ಯಾವತ್ತೂ ಹೇಳಕೂಡದೆಂದು ಭಾಷೆ ತೆಗೆದುಕೊಂಡರು. ಅಂಗಳದಲ್ಲಿ ಮಕ್ಕಳ ಗಲಾಟೆ ಕೇಳುತ್ತಿತ್ತು. ನಾನು ಭಾಷೆ ಕೊಟ್ಟೆ.

ಮಳೆ ಮುಗಿಯುವ ಹೊತ್ತಿಗೆ ಗಿರಣಿ ಕೇರಿಯ ಪಾರ್ಕು ಊರಿಗೇ ದೊಡ್ಡದಾಯಿತು. ಉಯ್ಯಾಲೆ ಬಂತು, ಬೇವಿನ ಸಸಿ ನೆಟ್ಟೆವು, ಅಂಬಿಕಾಳ ಊರುಗೋಲು ಜಾರದಂತೆ ಒರಟು ಕಲ್ಲು ಹಾಸಿ ದಾರಿ ಮಾಡಿಸಿದೆ. ಕೆರೆಯಿಂದ ಗುಡ್ಡದವರೆಗೆ ದಾರಿ ಕೂಡಿತು. ವಕೀಲರ ಬಡಾವಣೆಯವರು ಬಿಳೀ ಬೂಟು ಹಾಕಿಕೊಂಡು ಮೊದಲ ಸಲ ಗಿರಣಿ ಕೇರಿಯೊಳಗೆ ಕಾಲಿಟ್ಟರು. ಎಲ್ಲರೂ ನನ್ನನ್ನು ಹೊಗಳುವವರೇ. ಪಾರ್ಕಿನ ಒಂದು ತುದಿಯಲ್ಲಿ ಲಿಲ್ಲಿ ಟೀಚರ್ ಮನೆ ಬಾಗಿಲು ಹಾಕಿಕೊಂಡಿತ್ತು. ಪಾಠ ನಿಲ್ಲಿಸಿದ್ದರು. ಯುಗಾದಿಗೆ ವಾಯುವಿಹಾರಿಗಳ ಸಂಘದವರು ಕೊಟ್ಟ ಲಾಡು ಡಬ್ಬಿಯನ್ನು ಹಾಗೇ ಹೊಸ್ತಿಲ ಹೊರಗೆ ಬಿಟ್ಟಿದ್ದರು, ಇರುವೆ ಮುತ್ತಿದ್ದವು. ಇನ್ನೊಂದು ತುದಿಯಲ್ಲಿ ದ್ರಾಕ್ಷಾಯಿಣಮ್ಮ ಕೋಡುಬಳೆ ಕರಿಯುತ್ತ ಕರಿಯುತ್ತ ತಲೆಯೆತ್ತಿ ಆ ಮುಚ್ಚಿದ ಬಾಗಿಲ ಕಡೆ ನೋಡುವರು. ದಿನಕ್ಕೊಂದು ಬಾಣಲೆಯಾದರೂ ಸೀದುಹೋಗುತ್ತಿತ್ತು. ನನಗೆ ಆ ಪಾರ್ಕಿಗೆ ಹೋಗಲು ಮನಸ್ಸೇ ಬರುತ್ತಿರಲಿಲ್ಲ, ಆದರೆ ಹೋಗುತ್ತಿದ್ದೆ.

ಬೇಸಗೆಯಲ್ಲಿ ಒಂದು ದಿನ ಉಯ್ಯಾಲೆಯಲ್ಲಿ ಜೀಕುತ್ತಿದ್ದ ಮಕ್ಕಳ ಕಾಲು ಲಿಲ್ಲಿ ಟೀಚರ್ ಮನೆಯ ಗೋಡೆಗೆ ತಾಗುವುದನ್ನು ನೋಡಿದೆ.  ಹತ್ತಿರ ಹೋದರೆ ದಾರಿಯ ಅಂಚಿನ ಕಲ್ಲುಗಳು ಒಂದರ ಮೇಲೊಂದು ಏರಿ ನಿಂತಿವೆ. ಗೋಡೆ ಈಚೆಗೆ ಬರುತ್ತಿತ್ತು. ಇಬ್ಬರೂ ಮಾತಾಡಿದ್ದನ್ನು ಯಾರೂ ಕಂಡಿರಲಿಲ್ಲ. ನಾನು ಹೋಗಿ ಲಿಲ್ಲಿ ಟೀಚರ್ ಬಾಗಿಲು ಬಡಿದೆ.

ಅವರು ಕೂಡಲೇ ತೆರೆದರು. ಕೃಶವಾಗಿದ್ದರು, ಆದರೆ ಮುಖದಲ್ಲಿ ಏನೋ ಕಳೆ ಬಂದಿತ್ತು.

"ಬನ್ನಿ ಮೇಡಂ. ಗೋಡೆ ನೋಡಿ ಬಂದ್ರಾ?"

"ಏನಾಯ್ತು ಟೀಚರ್?"

"ಅಂಬಿಕಾ ಉಯ್ಯಾಲೆ ಮೇಲೆ ಕೂತು ಜೋರಾಗಿ ನಕ್ಕಳು. ಕಾಲು ಹೋದ ಮೇಲೆ ಅವಳು ನಕ್ಕಿದ್ದನ್ನ ನಾನು ಕೇಳಿರಲಿಲ್ಲ. ಕಿಟಕಿ ತೆಗೆದು ನೋಡಿದೆ. ಆಗ ಹೊಳೀತು, ದ್ರಾಕ್ಷಾ ಇದಕ್ಕೋಸ್ಕರ ಹಾಗಂದಳು ಅಂತ. ಆ ಬೆಳಿಗ್ಗೆ ಅಷ್ಟು ದೊಡ್ಡ ಮಾತನ್ನ ದನಿ ಏರಿಸದೆ, ಪಾಠ ಒಪ್ಪಿಸಿದ ಹಾಗೆ ಹೇಳಿದ್ಲು ಅನ್ನೋದು ಆಗ ನೆನಪಿಗೆ ಬಂತು ನೋಡಿ. ಹೊಳೆದ ದಿನದಿಂದ ಗೋಡೆ ಸರೀತಾ ಇದೆ. ಸಿಟ್ಟು ಹಿಡಿದಿಟ್ಟುಕೊಳ್ಳೋಕೆ ನೋಡಿದೆ ಮೇಡಂ. ನಿಲ್ತಾ ಇಲ್ಲ."

ನನಗೆ ಕುಣಿದಾಡುವಷ್ಟು ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ. ಹೋಗಿ ಮಾತಾಡಿ ಟೀಚರ್, ಪಾರ್ಕು ಮುಚ್ಚಿಹೋದರೆ ಹೋಗಲಿ, ನಾನು ಮೇಲಿನವರ ಕಾಲು ಹಿಡಿದಾದರೂ ಸೇತುವೆ ತರುತ್ತೇನೆ ಎಂದೆ. ಲಿಲ್ಲಿ ಟೀಚರ್ ಕಿಟಕಿಯಿಂದ ಹೊರಗೆ ನೋಡಿದರು. ಮಕ್ಕಳು ಗೋಡೆಗೆ ಕಾಲು ಒದ್ದು ಒದ್ದು ಜೀಕುತ್ತಿದ್ದರು, ಅವರಿಗೆ ಅದೇ ಒಂದು ಆಟವಾಗಿತ್ತು. ಆಚೆ ಲಾರಿಗಳ ಸದ್ದು.

"ಹೋದ ಸಲ ಪಾಪ ಹೊತ್ತವಳು ಅವಳು," ಎಂದರು. "ಈ ಸಲ ನನ್ನ ಸರದಿ."

ನನಗೆ ಅರ್ಥವಾಗುವುದಕ್ಕೆ ಒಂದು ಗಳಿಗೆ ಬೇಕಾಯಿತು. ಅರ್ಥವಾದಾಗ, ಬೇಡ ಟೀಚರ್, ಬೇಡ ಎಂದು ಅವರ ತೋಳು ಹಿಡಿದೆ. ಅವರು ಮೆಲ್ಲಗೆ ಬಿಡಿಸಿಕೊಂಡು, ತಲೆ ಬಾಚಿ, ಶಾಲೆಗೆ ಹೋಗುವಾಗ ಉಡುತ್ತಿದ್ದ ಗಂಜಿ ಹಾಕಿದ ಸೀರೆ ಉಟ್ಟುಕೊಂಡರು. "ನಾನು ಬೇಕಂತ ಅಂದಿದ್ದು ಅಂತ ಅವಳಿಗೆ ಗೊತ್ತಾದ್ರೆ ಮಾತು ವ್ಯರ್ಥ ಆಗುತ್ತೆ. ನೀವು ಬಾಯಿ ಬಿಡಬಾರದು," ಎಂದು ಮಕ್ಕಳಿಗೆ ಹೇಳುವಂತೆ ಹೇಳಿ ಹೊರಟರು. ನಾನು ಅವರ ಹಿಂದೆ ಓಡುತ್ತ ಹೋದೆ.

ದ್ರಾಕ್ಷಾಯಿಣಮ್ಮ ಅಂಗಳದಲ್ಲಿ ಬಾಣಲೆ ಇಟ್ಟುಕೊಂಡು ಕೂತಿದ್ದರು. ಪಾರ್ಕು ದಾಟಿ ಬರುತ್ತಿದ್ದ ಲಿಲ್ಲಿ ಟೀಚರನ್ನು ಕಂಡವರೇ ಸೌಟು ಬಿಟ್ಟು ಎದ್ದು ನಿಂತರು. ಕೈಗೆ ಅಂಟಿದ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡರು. ಆ ಮುಖದಲ್ಲಿ ಬಂದ ಬೆಳಕನ್ನು ನಾನು ನೋಡಬಾರದಾಗಿತ್ತು.

"ಲಿಲ್ಲಿ..." ಎಂದರು.

"ಒಂದು ಮಾತು ಹೇಳಿ ಹೋಗೋಣ ಅಂತ ಬಂದೆ," ಎಂದರು ಲಿಲ್ಲಿ ಟೀಚರ್. "ಶೈನಿ ವಿಷಯ ನೀನು ಅಂದಿದ್ದು ನನಗೆ ತಾಗಲೇ ಇಲ್ಲ. ನಿನ್ನಂಥವಳ ಮಾತು ನಾನು ಯಾಕೆ ಮನಸ್ಸಿಗೆ ಹಚ್ಕೊಳ್ಳಲಿ? ನನ್ನನ್ನ ಸ್ನೇಹಿತೆ ಅಂತ ತಿಳ್ಕೊಂಡಿದ್ಯಾ ಇಷ್ಟು ವರ್ಷ? ಮನೇಲಿ ಒಬ್ಬಳೇ ಇರೋಕೆ ಬೇಜಾರಾಗ್ತಿತ್ತು, ಬಾಗಿಲಲ್ಲಿ ನಿಂತ ನಾಯಿಗೆ ಅನ್ನ ಹಾಕಿದ ಹಾಗೆ ನಿಂಗೆ ನಾಲ್ಕಕ್ಷರ ಹಾಕಿದೆ. ಆ ಹಲಗೆ ಮೇಲೆ ನಿನ್ನ ಸೊಟ್ಟ ಅಕ್ಷರ ನೋಡಿದಾಗಲೆಲ್ಲ ಸ್ಟಾಫ್ ರೂಮಿನಲ್ಲಿ ಹೇಳ್ಕೊಂಡು ನಕ್ಕಿದ್ದೀನಿ. ನಿನ್ನ ಸಾರನ್ನ ಎಷ್ಟು ದಿನ ಬಚ್ಚಲಿಗೆ ಚೆಲ್ಲಿದ್ದೀನಿ ಗೊತ್ತಾ?"

ಇಷ್ಟು ಹೇಳಿ ತಿರುಗಿ ನಡೆದರು. ಬೆನ್ನು ನೆಟ್ಟಗೆ ಇಟ್ಟುಕೊಂಡಿದ್ದರು. ಅವರ ಮುಖ ಈಗ ಗುಡ್ಡದ ಕಡೆಗಿತ್ತು, ನನಗೆ ಕಾಣಿಸಲಿಲ್ಲ.

ನೆಲ ಅಲುಗಲಿಲ್ಲ. ಮಕ್ಕಳು ಇನ್ನೂ ಗೋಡೆಗೆ ಕಾಲು ಒದೆಯುತ್ತಲೇ ಇದ್ದರು. ದ್ರಾಕ್ಷಾಯಿಣಮ್ಮ ನನ್ನ ಹತ್ತಿರ ಬಂದು ಎರಡೂ ಕೈ ಹಿಡಿದುಕೊಂಡರು. ಅವರ ಕೈ ಎಣ್ಣೆಯಿಂದ ಬೆಚ್ಚಗಿತ್ತು.

"ನಾನು ಮಾಡಿದ ಹಂಗೇ ಮಾಡಿದ್ಲು ಅಲ್ವಾ ಮೇಡಂ? ಬೇಕಂತಲೇ ಅಂದಿದ್ದು ಅಲ್ವಾ? ನೀವು ಅವಳ ಮನೆಯಿಂದಲೇ ಬಂದ್ರಿ, ನಾನು ನೋಡಿದೆ. ನಿಮಗೆ ಗೊತ್ತಿರುತ್ತೆ. ನೀವು ಒಂದು ಸಲ ಹೂಂ ಅನ್ನಿ ಸಾಕು, ಹೊರಗೆ ನಾನು ಬಾಯಿ ಬಿಡಲ್ಲ, ನನ್ನ ಹೊಟ್ಟೇಲೇ ಇಟ್ಕೊಳ್ತೀನಿ. ಹೇಳಿ ಮೇಡಂ."

ಹೊಟ್ಟೆಯಲ್ಲಿ ಇಟ್ಟುಕೊಂಡರೂ ನೆಲಕ್ಕೆ ತಿಳಿಯುತ್ತದೆ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೂ ಕೇಳುತ್ತಿದ್ದರು. ಅವರ ಭುಜದ ಮೇಲಿಂದ ನೋಡಿದರೆ ಅಂಬಿಕಾ ಊರುಗೋಲನ್ನು ಬೇವಿನ ಸಸಿಗೆ ಒರಗಿಸಿ, ತನ್ನ ಸರದಿ ಬರಲೆಂದು ಉಯ್ಯಾಲೆಯ ಪಕ್ಕದಲ್ಲಿ ಒಂಟಿಕಾಲಲ್ಲಿ ನಿಂತಿದ್ದಳು.  ಯಾರನ್ನಾದರೂ ಬೈಯಬೇಕೆನಿಸಿತು, ಅಲ್ಲಿ ಬೈಯುವಂಥವರು ಯಾರೂ ಇರಲಿಲ್ಲ.

"ಇಲ್ಲ ದ್ರಾಕ್ಷಾಯಿಣಮ್ಮ," ಎಂದೆ. "ಮನಸ್ಸಿಂದಲೇ ಅಂದಿದ್ದು. ನನ್ನ ಹತ್ತಿರ ಇನ್ನೂ ಕೆಟ್ಟದಾಗಿ ಅಂದರು."

ಅವರು ನನ್ನ ಕೈ ಬಿಟ್ಟರು. ಹಿಂದೆ ಹಿಂದೆ ಹೆಜ್ಜೆಯಿಟ್ಟು ಹೋಗಿ ಒಲೆಯ ಮುಂದೆ ಕುಸಿದು ಕೂತರು. ಕಾಲಡಿಯಲ್ಲಿ ಸದ್ದು ಶುರುವಾಯಿತು. ನಾನು ನಿಂತಲ್ಲೇ ನಿಂತಿದ್ದೆ. ದ್ರಾಕ್ಷಾಯಿಣಮ್ಮ, ಅವರ ಒಲೆ, ಅವರ ಮನೆ ನನ್ನಿಂದ ದೂರ ದೂರ ಸರಿಯುತ್ತ ಹೋದವು. ಹಿಂದಿನಿಂದ ಮಕ್ಕಳು ಹೋ ಎಂದು ಕೂಗುತ್ತ ಹೊಸ ಜಾಗಕ್ಕೆ ಓಡಿ ಬಂದರು.